ತರಗತಿಯಲ್ಲಿ ಮೌನ, ಅಂಗಳದಲ್ಲಿ ಚಪ್ಪಾಳೆ: ಟಿಬೆಟನ್ನರ ಕಲಿಕೆ ಕವಲೊಡೆದದ್ದು ಎಲ್ಲಿ?

2024ರ ಜುಲೈನಲ್ಲಿ ಚೀನಾದ ಚಿಂಗ್‌ಹೈ ಪ್ರಾಂತ್ಯದ ಗೊಲೋಗ್ ಪ್ರದೇಶದಲ್ಲಿ ಒಂದು ಶಾಲೆ ಮುಚ್ಚಿತು. ರಾಗ್ಯಾ ಮಠದ ಭಿಕ್ಷು ಜಿಗ್ಮೆ ಗ್ಯಾಲ್ಟ್ಸೆನ್ 1994ರಲ್ಲಿ ಕಟ್ಟಿದ ಶಾಲೆ ಅದು. ಕುರಿ, ಯಾಕ್ ಮೇಯಿಸುವ ಕುಟುಂಬಗಳ ಮಕ್ಕಳು ಅಲ್ಲಿ ಟಿಬೆಟನ್ ಭಾಷೆಯ ಜೊತೆಗೆ ಚೀನೀ, ಇಂಗ್ಲಿಷ್, ಕಂಪ್ಯೂಟರ್ ಎಲ್ಲವನ್ನೂ ಕಲಿಯುತ್ತಿದ್ದರು. ಪ್ರಾಂತೀಯ ಸರ್ಕಾರದ ಸೂಚನೆಯಂತೆ ಮುಚ್ಚುತ್ತಿದ್ದೇವೆ ಎಂದು ಶಾಲೆಯವರು ತಿಳಿಸಿದರು. ಅದಕ್ಕೆ ಮೂರು ವರ್ಷ ಮೊದಲು, 2021ರ ಜುಲೈನಲ್ಲಿ, ಅದೇ ಗೊಲೋಗ್‌ನ ಸೆಂಗ್‌ಡ್ರುಕ್ ತಾಕ್ತ್ಸೆ ಶಾಲೆಗೂ ಬೀಗ ಬಿದ್ದಿತ್ತು.

ಇಂಥ ಸುದ್ದಿ ಬಂದಾಗಲೆಲ್ಲ ಅದನ್ನು ‘ಧಾರ್ಮಿಕ ಶಿಕ್ಷಣಕ್ಕೂ ಆಧುನಿಕ ಶಿಕ್ಷಣಕ್ಕೂ ಜಗಳ’ ಎಂದು ಓದುವವರು ಬಹಳ. ಆದರೆ ನಮ್ಮ ಬೈಲಕುಪ್ಪೆ, ಮುಂಡಗೋಡುಗಳಿಂದ ಬರುವ ಸುದ್ದಿ ಇದಕ್ಕೆ ಹೊಂದುವುದಿಲ್ಲ. ಅಲ್ಲಿನ ಮಠಗಳ ಭಿಕ್ಷುಗಳು ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಓದುತ್ತಿದ್ದಾರೆ, ಅದೂ ಮಠಗಳೇ ಒಪ್ಪಿ ಸೇರಿಸಿಕೊಂಡ ಪಠ್ಯಕ್ರಮದಲ್ಲಿ. ವಿಜ್ಞಾನವನ್ನು ಮಠದೊಳಗೆ ಕರೆದುಕೊಂಡ ಸಮುದಾಯವೇ ‘ಆಧುನಿಕ ಶಿಕ್ಷಣ’ದ ಹೆಸರಿನ ಬದಲಾವಣೆಯನ್ನು ಕಂಡರೆ ಯಾಕೆ ಬೆಚ್ಚುತ್ತದೆ? ಇದಕ್ಕೆ ಉತ್ತರ ಬೇಕಾದರೆ ಟಿಬೆಟನ್ನರು ಏನನ್ನು ಕಲಿಯುತ್ತಾರೆ ಎಂಬುದಕ್ಕಿಂತ ಹೇಗೆ ಕಲಿಯುತ್ತಾರೆ ಎಂಬುದನ್ನು ನೋಡಬೇಕು.

ಬಿಳಿ ಶಂಖ ಕೆಂಪಗಿದೆಯೇ?

ಮಠದ ವಿದ್ಯಾರ್ಥಿಯ ದಿನದಲ್ಲಿ ಅತಿ ಗದ್ದಲದ ಹೊತ್ತು ಸಂಜೆ. ಆಗ ಎಲ್ಲರೂ ಚೋರಾ ಎಂಬ ವಾದದ ಅಂಗಳದಲ್ಲಿ ಸೇರುತ್ತಾರೆ. ಇಬ್ಬಿಬ್ಬರ ಜೋಡಿ. ಉತ್ತರಿಸುವವನು ಕೂತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ‘ಧೀಃ’ ಎಂದು ಪ್ರಜ್ಞೆಯ ಬೋಧಿಸತ್ತ್ವ ಮಂಜುಶ್ರೀಯ ಬೀಜಾಕ್ಷರವನ್ನು ಕೂಗಿ ವಾದ ಶುರು. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ, ಬಲ ಅಂಗೈ ಎಡ ಅಂಗೈಯ ಮೇಲೆ ಚಟ್ಟನೆ ಬೀಳುತ್ತದೆ. ನೂರಾರು ಜೋಡಿಗಳು ಒಟ್ಟಿಗೇ ಹೀಗೆ ವಾದಿಸುವಾಗ ಹೊರಗಿನವರಿಗೆ ಅದು ಜಗಳದಂತೆಯೇ ಕಾಣುತ್ತದೆ.

ಹೊಸಬರಿಗೆ ಮೊದಲ ಪಾಠ ದುರಾ, ಅಂದರೆ ತರ್ಕದ ಬಾಲಬೋಧೆ. ಅದು ಬಣ್ಣಗಳಿಂದ ಆರಂಭವಾಗುತ್ತದೆ. ‘ಬಣ್ಣವಾದದ್ದೆಲ್ಲ ಕೆಂಪು’ ಎಂದು ಒಬ್ಬ ಒಪ್ಪಿಕೊಂಡ ಎನ್ನಿ. ಎದುರಾಳಿ ಕೂಡಲೇ ಕೇಳುತ್ತಾನೆ: ‘ಹಾಗಾದರೆ ಬಿಳಿ ಶಂಖದ ಬಣ್ಣವೂ ಕೆಂಪು, ಏಕೆಂದರೆ ಅದು ಬಣ್ಣ.’ ಕೂತವನಿಗೆ ಭಾಷಣ ಮಾಡುವ ಅವಕಾಶವಿಲ್ಲ. ಅವನ ಬಳಿ ಇರುವ ಉತ್ತರಗಳು ಬೆರಳೆಣಿಕೆಯಷ್ಟೇ. ‘ದೋ’ ಎಂದರೆ ಒಪ್ಪಿದೆ. ‘ಚಿ ಚಿರ್’ ಎಂದರೆ ಯಾಕೆ, ಕಾರಣ ಕೊಡು. ‘ತಾಕ್ ಮ ಡುಪ್’ ಎಂದರೆ ನೀನು ಕೊಟ್ಟ ಹೇತುವೇ, ಅಂದರೆ ಕಾರಣವೇ, ಸಿದ್ಧವಾಗಿಲ್ಲ. ‘ಖ್ಯಾಪ ಮ ಜುಂಗ್’ ಎಂದರೆ ಹೇತು ಸರಿ, ಆದರೆ ವ್ಯಾಪ್ತಿ ಇಲ್ಲ, ಅಂದರೆ ಆ ಹೇತು ಇದ್ದಲ್ಲೆಲ್ಲ ನೀನು ಹೇಳಿದ್ದೂ ಇರಲೇಬೇಕೆಂದಿಲ್ಲ. ತನ್ನ ಹಿಂದಿನ ಮಾತಿಗೆ ತಾನೇ ವಿರುದ್ಧವಾಗಿ ಉತ್ತರಿಸಿದರೆ ಎದುರಾಳಿ ‘ತ್ಸಾ!’ ಎಂದು ಕೂಗುತ್ತಾನೆ, ಸುತ್ತಲಿನವರೂ ದನಿಗೂಡಿಸುತ್ತಾರೆ.

ಹೇತು, ವ್ಯಾಪ್ತಿ, ಪಕ್ಷ ಎಂಬ ಶಬ್ದಗಳು ನಮ್ಮ ತರ್ಕಶಾಸ್ತ್ರದ ಓದುಗರಿಗೆ ಹೊಸವಲ್ಲ. ವಿದ್ವಾಂಸರು ಶಾಸ್ತ್ರ ಚರ್ಚಿಸುವ ಶೃಂಗೇರಿಯ ವಾಕ್ಯಾರ್ಥ ಸಭೆಯನ್ನು ನೋಡಿದವರಿಗೆ ಈ ಅಂಗಳ ಯಾವ ಮನೆತನದ್ದು ಎಂದು ಬೇಗ ಗೊತ್ತಾಗುತ್ತದೆ. ಎಂಟನೇ ಶತಮಾನದಲ್ಲಿ ಬೌದ್ಧ ವಿದ್ವಾಂಸರಾದ ಶಾಂತರಕ್ಷಿತ, ಕಮಲಶೀಲರು ನಾಲಂದಾದ ವಿದ್ಯೆಯನ್ನು ಹಿಮಾಲಯದಾಚೆಗೆ ಒಯ್ದರು. ಇಂದಿಗೂ ಟಿಬೆಟನ್ ಬೌದ್ಧರ ಗೆಲುಗ್ ಪಂಥದಲ್ಲಿ ಗೆಶೆ ಎಂಬ ವಿದ್ವತ್ ಪದವಿಯ ಐದು ಮುಖ್ಯ ವಿಷಯಗಳಿಗೆ ಆಧಾರ ಭಾರತೀಯ ಗ್ರಂಥಗಳೇ: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಇವನ್ನು ಮುಗಿಸಿ ಲ್ಹರಂಪ ಎಂಬ ಅತ್ಯುನ್ನತ ದರ್ಜೆಯ ಗೆಶೆ ಆಗಲು ಇಪ್ಪತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಈ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮವಿದೆ. ಅದೇ ಈ ಲೇಖನದ ಕೀಲಿ. ಗುರು ಪಾಠ ಹೇಳುವಾಗ ಶಿಷ್ಯ ಮಧ್ಯೆ ಬಾಯಿ ಹಾಕುವುದು ಕಡಿಮೆ. ತಲೆತಗ್ಗಿಸಿ ಕೇಳುತ್ತಾನೆ. ಹುಟ್ಟಿದ ಅನುಮಾನವನ್ನು ಸಂಜೆಯ ಅಂಗಳಕ್ಕೆ ಒಯ್ದು ಸಹಪಾಠಿಯ ಮೇಲೆ ಎಸೆಯುತ್ತಾನೆ. ಗೌರವ ಗುರುವಿಗೆ, ಪ್ರಶ್ನೆ ಸರೀಕನಿಗೆ. ಎರಡಕ್ಕೂ ಬೇರೆ ಬೇರೆ ಜಾಗ, ಬೇರೆ ಬೇರೆ ಹೊತ್ತು. ಅದರಿಂದಾಗಿ ಒಬ್ಬನೇ ವಿದ್ಯಾರ್ಥಿ ಬೆಳಿಗ್ಗೆ ಮೂಕನಂತೆಯೂ ಸಂಜೆ ವಾಚಾಳಿಯಂತೆಯೂ ಕಾಣುತ್ತಾನೆ.

ಬಾಯಿಪಾಠದ ಕೆಲಸ

ಬಾಯಿಪಾಠವನ್ನು ಇಂದಿನ ಶಿಕ್ಷಣತಜ್ಞರು ಅನುಮಾನದಿಂದ ನೋಡುತ್ತಾರೆ. ಅರ್ಥವಿಲ್ಲದ ಉರು ಎಂದು ತಳ್ಳಿಹಾಕುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಉರುಹೊಡೆಯುವುದರ ಬಗ್ಗೆ ಆ ಮಾತು ನಿಜ. ಮಠದ ಬಾಯಿಪಾಠ ಬೇರೆ ಕೆಲಸ ಮಾಡುತ್ತದೆ. ವಾದದ ಅಂಗಳಕ್ಕೆ ಪುಸ್ತಕ ತರುವಂತಿಲ್ಲ. ಮೂಲಗ್ರಂಥದ ಕಾರಿಕೆ, ಅಂದರೆ ಸೂತ್ರಪದ್ಯ, ನಾಲಿಗೆಯ ತುದಿಯಲ್ಲಿ ಇಲ್ಲದವನು ಎರಡನೇ ಪ್ರಶ್ನೆಗೇ ಸೋಲುತ್ತಾನೆ. ಬೆಳಿಗ್ಗೆ ಉರುಹೊಡೆದದ್ದು ಸಂಜೆಯ ವಾದಕ್ಕೆ ಸರಕಾಗುತ್ತದೆ, ಸಂಜೆಯ ವಾದ ಬೆಳಿಗ್ಗೆಯ ಸಾಲಿಗೆ ಅರ್ಥ ತುಂಬುತ್ತದೆ. ಟಿಬೆಟನ್ನರು ಇದನ್ನು ‘ಥೋ, ಸಮ್, ಗೋಮ್’ ಎಂಬ ಮೂರು ಮೆಟ್ಟಿಲುಗಳಾಗಿ ಹೇಳುತ್ತಾರೆ: ಕೇಳುವುದು, ಚಿಂತಿಸುವುದು, ಧ್ಯಾನದಲ್ಲಿ ರೂಢಿಸಿಕೊಳ್ಳುವುದು. ನಮ್ಮ ಶ್ರವಣ, ಮನನ, ನಿದಿಧ್ಯಾಸನಗಳ ಸೋದರ ಸಂಬಂಧಿ ಇದು.

ಈ ಬಾಯಿಪಾಠ ಒಂದು ಇಡೀ ವಿದ್ಯಾಪರಂಪರೆಯನ್ನು ಉಳಿಸಿದ ಚರಿತ್ರೆಯೂ ಇದೆ. 1959ರಲ್ಲಿ ಲ್ಹಾಸಾದಲ್ಲಿ ಚೀನಾ ವಿರುದ್ಧದ ದಂಗೆ ಮುರಿದ ನಂತರ ಸೆರಾ, ಡ್ರೆಪುಂಗ್, ಗಾಂದೆನ್ ಮುಂತಾದ ಮಠಗಳಿಂದ ಓಡಿಬಂದ ಸುಮಾರು 1,500 ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರ ಕಾಲದ ಸೆರೆಮನೆಯಲ್ಲಿ ಇರಿಸಲಾಯಿತು. ಸೆಕೆ, ಕ್ಷಯ, ಹಸಿವು. ಗ್ರಂಥಗಳು ಬೆರಳೆಣಿಕೆಯಷ್ಟು. ಆದರೂ ಪಾಠ ನಿಲ್ಲಲಿಲ್ಲ, ಏಕೆಂದರೆ ಪಠ್ಯ ಅವರ ತಲೆಯಲ್ಲಿತ್ತು. ಸುಮಾರು ಹತ್ತು ವರ್ಷಗಳ ನಂತರ ಅವರೇ ಕರ್ನಾಟಕಕ್ಕೆ ಬಂದು ಬೈಲಕುಪ್ಪೆಯಲ್ಲಿ ಸೆರಾವನ್ನೂ ಮುಂಡಗೋಡಿನಲ್ಲಿ ಡ್ರೆಪುಂಗ್, ಗಾಂದೆನ್‌ಗಳನ್ನೂ ಮತ್ತೆ ಕಟ್ಟಿದರು. ಆಗಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ 3,000 ಎಕರೆ ನೆಲ ಕೊಟ್ಟಿದ್ದರಿಂದ ಆ ನೆನಪಿಗೆ ಒಂದು ಊರು ಸಿಕ್ಕಿತು.

ಕಾಲೇಜಿನ ಮೌನ

ಮಠದ ಹೊರಗಿನ ಕಥೆ ಬೇರೆ ದಾರಿ ಹಿಡಿಯಿತು. 1961ರಲ್ಲಿ ನೆಹರೂ ಸರ್ಕಾರ ಟಿಬೆಟನ್ ಮಕ್ಕಳಿಗಾಗಿ ಪ್ರತ್ಯೇಕ ಶಾಲಾ ಆಡಳಿತವನ್ನೇ ರಚಿಸಿತು. ಹಿಮಾಚಲ ಪ್ರದೇಶದ ಧರ್ಮಶಾಲೆ ಊರಿನಲ್ಲಿ ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್ ಎಂಬ ವಸತಿ ಶಾಲೆ ಬೆಳೆಯಿತು. 1967ರಲ್ಲಿ ಸಾರನಾಥದಲ್ಲಿ ಉನ್ನತ ಟಿಬೆಟನ್ ಅಧ್ಯಯನ ಸಂಸ್ಥೆ ಆರಂಭವಾಗಿ, 1988ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೆಂಗಳೂರು ಮೈಸೂರು ರಸ್ತೆಯ ಬಿಡದಿ ಸಮೀಪ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆ ನಡೆಯುತ್ತಿದೆ. ಇವುಗಳ ಜೊತೆಗೆ ಬೆಂಗಳೂರು, ಮೈಸೂರು, ದೆಹಲಿ, ಚಂಡೀಗಢಗಳ ಸಾಮಾನ್ಯ ಕಾಲೇಜುಗಳಲ್ಲೂ ಟಿಬೆಟನ್ ವಿದ್ಯಾರ್ಥಿಗಳಿದ್ದಾರೆ.

‘ಟಿಬೆಟನ್ ಹುಡುಗರು ಸಭ್ಯರು, ಆದರೆ ತರಗತಿಯಲ್ಲಿ ಮಾತಾಡುವುದಿಲ್ಲ’ ಎಂಬ ಮಾತು ಇಂಥ ಕಡೆ ಕೇಳಿಬರುತ್ತದೆ. ಅದನ್ನು ‘ಅವರ ಸಂಸ್ಕೃತಿಯೇ ಹಾಗೆ’ ಎಂದು ಮುಗಿಸಿಬಿಡುವುದು ಸುಲಭ. ತಪ್ಪಾಗುವುದು ಇಲ್ಲಿಯೇ. ಅದೇ ಸಂಸ್ಕೃತಿ ಮುಂಡಗೋಡಿನ ಅಂಗಳದಲ್ಲಿ ಕಿವಿ ಕಿವುಡಾಗುವಷ್ಟು ಗದ್ದಲ ಮಾಡುತ್ತಿದೆಯಲ್ಲ! ಮೌನ ಜನಾಂಗದ ಗುಣವಾಗಿದ್ದರೆ ಆ ಗದ್ದಲ ಇರುತ್ತಿರಲಿಲ್ಲ.

ಆಗಿರುವುದು ಇಷ್ಟು. ಗುರುವಿಗೆ ತಲೆಬಾಗುವ ರೂಢಿ ಮಠದಿಂದ ಮನೆಗೆ, ಮನೆಯಿಂದ ಶಾಲೆಗೆ ಹರಿದು ಬಂತು. ‘ಗೆನ್-ಲಾ’ ಎಂದು ಶಿಕ್ಷಕರನ್ನು ಕರೆಯುವ ಆ ‘ಲಾ’ದಲ್ಲಿ ನಮ್ಮ ‘ಗುರುಗಳೇ’ ಎನ್ನುವುದರಷ್ಟೇ ಭಾರವಿದೆ. ಅದರ ಜೋಡಿಯಾಗಿದ್ದ ಸಂಜೆಯ ಅಂಗಳ ಮಾತ್ರ ಶಾಲೆಗೆ ಬರಲಿಲ್ಲ. ಅದು ಮೊದಲಿನಿಂದಲೂ ಭಿಕ್ಷುಗಳ ಸೊತ್ತಾಗಿತ್ತು. ರೈತನ ಮಗ, ವ್ಯಾಪಾರಿಯ ಮಗಳು ಹಳೆಯ ಟಿಬೆಟ್‌ನಲ್ಲೂ ಚೋರಾದಲ್ಲಿ ನಿಂತವರಲ್ಲ. ಹೊಸ ಶಾಲೆ ಬ್ರಿಟಿಷ್ ಭಾರತದ ಅಚ್ಚಿನ ಪಾಠ, ನೋಟ್ಸು, ಮೂರು ಗಂಟೆಯ ಪರೀಕ್ಷೆಯನ್ನು ತಂದಿತು. ಮೌನಕ್ಕೆ ಜಾಗ ಉಳಿಯಿತು, ಪ್ರಶ್ನೆಗೆ ಜಾಗ ಹೋಯಿತು.

ಭಾಷೆ ಇದರ ಮೇಲೆ ಇನ್ನೊಂದು ಪದರ. ಕೆಳ ತರಗತಿಗಳಲ್ಲಿ ಟಿಬೆಟನ್ ಮಾಧ್ಯಮ, ನಂತರ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹಳ್ಳಿಯ ಹುಡುಗಿ ಒಂದು ವರ್ಷ ಬಾಯಿ ಬಿಡದಿರುವುದು ಯಾಕೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಟಿಬೆಟನ್ ಭಾಷೆಯೊಳಗೇ ಮತ್ತೊಂದು ಬಿರುಕಿದೆ. ಗ್ರಂಥದ ಭಾಷೆ ಚೋಕೆ ಆಡುಮಾತಿಗಿಂತ ಬಹಳ ದೂರ. ಆಮ್ದೋ, ಖಾಮ್, ಊತ್ಸಾಂಗ್ ಸೀಮೆಗಳ ಆಡುಮಾತುಗಳು ಒಂದಕ್ಕೊಂದು ಸಲೀಸಾಗಿ ಅರ್ಥವಾಗುವುದಿಲ್ಲ. ಯಾವ ಭಾಷೆಯಲ್ಲಿ ಅನುಮಾನ ಕೇಳಬೇಕು ಎಂದು ಯೋಚಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

‘ಕಲಿಕೆಯ ಶೈಲಿ’ ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಒಬ್ಬ ನೋಡಿ ಕಲಿಯುವವನು, ಇನ್ನೊಬ್ಬ ಕೇಳಿ ಕಲಿಯುವವನು ಎಂದು ವಿಂಗಡಿಸಿ, ಅದಕ್ಕೆ ತಕ್ಕ ಪಾಠ ಮಾಡಿದರೆ ಫಲ ಹೆಚ್ಚು ಎಂಬ ವಾದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ಮನಶ್ಶಾಸ್ತ್ರಜ್ಞರ 2008ರ ಪರಿಶೀಲನೆಯೊಂದು ಹೇಳಿತು. ವ್ಯಕ್ತಿಗೇ ಅಂಟಿಸಲಾಗದ ಚೀಟಿಯನ್ನು ಇಡೀ ಜನಾಂಗಕ್ಕೆ ಅಂಟಿಸುವುದು ಇನ್ನೂ ಅಪಾಯ. ಸಂಸ್ಕೃತಿ ಕಲಿಕೆಯನ್ನು ರೂಪಿಸುವುದು ನಿಜ. ಯಾವ ಜಾಗದಲ್ಲಿ, ಯಾರ ಮುಂದೆ, ಯಾವ ಹೊತ್ತಿಗೆ ಪ್ರಶ್ನೆ ಕೇಳಬಹುದು ಎಂಬ ಏರ್ಪಾಡಿನ ಮೂಲಕ ಅದು ರೂಪಿಸುತ್ತದೆ. ಏರ್ಪಾಡು ಬದಲಾದರೆ ವಿದ್ಯಾರ್ಥಿಯೂ ಬದಲಾಗುತ್ತಾನೆ.

ಬೈಲಕುಪ್ಪೆಗೆ ಬಂದ ಭೌತಶಾಸ್ತ್ರ

ಇದಕ್ಕೆ ಒಳ್ಳೆಯ ಸಾಕ್ಷಿ ಮಠಗಳ ವಿಜ್ಞಾನ ಪಾಠ. ದಲೈ ಲಾಮಾ ಅವರ ಕೋರಿಕೆಯಂತೆ ಅಮೆರಿಕದ ಎಮರಿ ವಿಶ್ವವಿದ್ಯಾಲಯ, ಧರ್ಮಶಾಲೆಯ ಟಿಬೆಟನ್ ಗ್ರಂಥಾಲಯದ ಜೊತೆ ಸೇರಿ 2006ರಲ್ಲಿ ಈ ಯೋಜನೆಗೆ ಕೈಹಾಕಿತು. ಕೆಲ ವರ್ಷ ಧರ್ಮಶಾಲೆಯಲ್ಲಿ ಬೇಸಿಗೆ ಪಾಠಗಳ ಪ್ರಯೋಗ ನಡೆಯಿತು. 2014ರಿಂದ ಸೆರಾ, ಡ್ರೆಪುಂಗ್, ಗಾಂದೆನ್‌ಗಳಲ್ಲೇ ಪಾಠಗಳು ಆರಂಭವಾದವು. ಪಠ್ಯಪುಸ್ತಕಗಳು ಇಂಗ್ಲಿಷ್ ಮತ್ತು ಟಿಬೆಟನ್ ಎರಡರಲ್ಲೂ ಅಚ್ಚಾದವು. ಭಾಷಾಂತರಕಾರರು ವಿಜ್ಞಾನದ ಪದಗಳಿಗೆ ಟಿಬೆಟನ್ ಪದಗಳನ್ನು ಒಂದೊಂದಾಗಿ ಕಟ್ಟಬೇಕಾಯಿತು. ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ವಿಜ್ಞಾನ ಪಾಠಕ್ಕಾಗಿ ಹಟ ಹಿಡಿದದ್ದನ್ನು ಬಲ್ಲ ನಮಗೆ ಈ ದುಡಿಮೆಯ ಬೆಲೆ ತಿಳಿಯಬೇಕು.

ಇಲ್ಲಿ ವಿಜ್ಞಾನ ಭಿಕ್ಷುಗಳ ಭಾಷೆಗೆ ಬಂತು, ಅವರ ಅಂಗಳಕ್ಕೂ ಬಂತು. ಬ್ಯಾಕ್ಟೀರಿಯಾದ ಪ್ರಶ್ನೆಯನ್ನೇ ನೋಡಿ. ಟಿಬೆಟನ್ ಭಾಷೆಯಲ್ಲಿ ಜೀವಿಗೆ ‘ಸೆಮ್‌ಚೆನ್’ ಎನ್ನುತ್ತಾರೆ, ಅಂದರೆ ಚಿತ್ತವುಳ್ಳದ್ದು. ಗಿಡಮರಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಸೂಕ್ಷ್ಮದರ್ಶಕದಡಿ ಬ್ಯಾಕ್ಟೀರಿಯಾ ಆಹಾರದತ್ತ ಸಾಗುವುದು, ವಿಷದಿಂದ ದೂರ ಸರಿಯುವುದು ಕಾಣುತ್ತದೆ. ಅದು ಸೆಮ್‌ಚೆನ್ ಹೌದೋ ಅಲ್ಲವೋ? ಹೌದಾದರೆ ಔಷಧ ನುಂಗುವುದು ಹಿಂಸೆಯಾಗುತ್ತದೆ. ಅಲ್ಲವಾದರೆ ಚಲನೆ ಚಿತ್ತದ ಲಕ್ಷಣವಲ್ಲವೆಂದು ಒಪ್ಪಬೇಕಾಗುತ್ತದೆ. ‘ವ್ಯಾಪ್ತಿ ಇಲ್ಲ’ ಎಂದು ಯಾರೋ ಕೂಗಲೇಬೇಕು. ಪರೀಕ್ಷೆಗೆ ಐದು ಅಂಕದ ಉತ್ತರ ಬರೆಯುವ ವಿದ್ಯಾರ್ಥಿಗೆ ಈ ಪ್ರಶ್ನೆ ಏಳುವುದೇ ಕಷ್ಟ.

ವಿರೋಧ ಇರಲಿಲ್ಲವೆಂದಲ್ಲ. ಮೇರುಪರ್ವತದ ಸುತ್ತ ಹರಡಿದ ಲೋಕವನ್ನು ವರ್ಣಿಸುವ ಅಭಿಧರ್ಮಕೋಶ ಒಂದು ಕಡೆ, ಖಗೋಳಶಾಸ್ತ್ರ ಇನ್ನೊಂದು ಕಡೆ. 1938ರಲ್ಲೇ ಗೆಂದುನ್ ಚೋಫೆಲ್ ಎಂಬ ವಿದ್ವಾಂಸರು ಕಾಲಿಂಪಾಂಗ್‌ನಿಂದ ಬರುತ್ತಿದ್ದ ಟಿಬೆಟನ್ ಪತ್ರಿಕೆ ಮೆಲೋಂಗ್‌ನಲ್ಲಿ ಭೂಮಿ ದುಂಡಗಿದೆ ಎಂದು ಬರೆದಿದ್ದರು. ಮೇರುಪರ್ವತದ ಭೂಗೋಳವನ್ನು ಕೈಬಿಡಬೇಕೆಂದು ದಲೈ ಲಾಮಾ ಅವರೇ ಬಹಿರಂಗವಾಗಿ ಹೇಳಿದ್ದಾರೆ. ಇಪ್ಪತ್ತು ವರ್ಷದ ಓದಿಗೇ ಸಮಯ ಸಾಲದು, ವಿಜ್ಞಾನಕ್ಕೆ ಎಲ್ಲಿಂದ ತರುವುದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬದಲಾವಣೆಯನ್ನು ನಿರ್ಧರಿಸಿದವರು ಒಳಗಿನವರು. ಹಾಗಾಗಿ ವಿರೋಧವೂ ವಾದವಾಗಿಯೇ ಉಳಿಯಿತು.

ಅದೇ ಅಂಗಳಕ್ಕೆ ಹೆಣ್ಣುಮಕ್ಕಳೂ ಬಂದರು. ಚಳಿಗಾಲದಲ್ಲಿ ವಾರಗಟ್ಟಲೆ ನಡೆಯುವ ಅಂತರಮಠ ವಾದಕೂಟ ಶತಮಾನಗಳ ಕಾಲ ಗಂಡಸರದ್ದಾಗಿತ್ತು. 1995ರಿಂದ ಭಿಕ್ಷುಣಿಯರದೇ ಕೂಟ ನಡೆಯುತ್ತಿದೆ. 2016ರ ಡಿಸೆಂಬರ್‌ನಲ್ಲಿ ಮುಂಡಗೋಡಿನ ಡ್ರೆಪುಂಗ್‌ನಲ್ಲಿ 20 ಭಿಕ್ಷುಣಿಯರು ಗೆಶೆಗೆ ಸಮನಾದ ಗೆಶೆಮಾ ಪದವಿ ಪಡೆದರು. ಉತ್ತರ ಕನ್ನಡ ಜಿಲ್ಲೆಯಲ್ಲಿ ನಡೆದ ಈ ಘಟನೆ ನಮ್ಮಲ್ಲಿ ಇನ್ನಷ್ಟು ಗಮನ ಪಡೆಯಬೇಕಿತ್ತು.

ಗಡಿಯಾಚೆಯ ವಾದ, ಪ್ರತಿವಾದ

ಈಗ ಗೊಲೋಗ್‌ಗೆ ಮರಳೋಣ. ರಾಗ್ಯಾ ಶಾಲೆಯ ವಿಶೇಷವೆಂದರೆ ಅದು ಮಠದ ವಾದಪದ್ಧತಿಯನ್ನು ಮಠದ ಹೊರಗಿನ ಶಾಲೆಯ ಬೋಧನೆಗೆ ಬಳಸಿತ್ತು. ದೇಶಭ್ರಷ್ಟರ ಶಾಲೆಗಳು ಬಹುಮಟ್ಟಿಗೆ ಕಳೆದುಕೊಂಡ ಕೊಂಡಿಯನ್ನು ಅದು ಹಿಡಿದಿತ್ತು.

ಚೀನಾ ಸರ್ಕಾರದ ವಾದ ಸ್ಪಷ್ಟ. ಎತ್ತರದ ಹುಲ್ಲುಗಾವಲುಗಳಲ್ಲಿ ಜನ ಚದುರಿದ್ದಾರೆ, ಹಳ್ಳಿಗೊಂದು ಒಳ್ಳೆಯ ಶಾಲೆ ಅಸಾಧ್ಯ, ವಸತಿ ಶಾಲೆಯೇ ದಾರಿ. ಊಟ, ವಸತಿ, ಶುಲ್ಕ ಮೂರನ್ನೂ ಸರ್ಕಾರ ಭರಿಸುತ್ತದೆ; 1985ರಿಂದಲೂ ಟಿಬೆಟ್‌ನಲ್ಲಿ ಇಂಥ ಯೋಜನೆಯಿದೆ. ಸೇರುವುದು ಕುಟುಂಬದ ಇಚ್ಛೆ. ರಾಷ್ಟ್ರಭಾಷೆ ಬಂದರೆ ಕೆಲಸ ಸಿಗುತ್ತದೆ. ಇದರಲ್ಲಿ ಕೊನೆಯ ಮಾತನ್ನು ಅನೇಕ ಟಿಬೆಟನ್ ತಂದೆತಾಯಂದಿರೂ ಒಪ್ಪುತ್ತಾರೆ. ಬದುಕಿನ ಲೆಕ್ಕ ಅದು, ಹಗುರವಾಗಿ ನೋಡುವಂಥದ್ದಲ್ಲ.

ಎದುರು ವಾದವೂ ಅಷ್ಟೇ ಗಟ್ಟಿ. ಸುಮಾರು ಹತ್ತು ಲಕ್ಷ ಟಿಬೆಟನ್ ಮಕ್ಕಳು ಸರ್ಕಾರಿ ವಸತಿ ಶಾಲೆಗಳಿಂದಾಗಿ ಕುಟುಂಬ, ಭಾಷೆಗಳಿಂದ ದೂರವಾಗುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು 2023ರ ಫೆಬ್ರುವರಿಯಲ್ಲಿ ಆತಂಕ ವ್ಯಕ್ತಪಡಿಸಿದರು. ಚೀನಾ ಅದನ್ನು ನಿರಾಕರಿಸಿತು. ಊರಿನ ಶಾಲೆ ಮುಚ್ಚಿದ ಮೇಲೆ ‘ಇಚ್ಛೆ’ ಎಂಬ ಪದಕ್ಕೆ ಎಷ್ಟು ಅರ್ಥ ಉಳಿಯುತ್ತದೆ ಎಂಬುದು ಟೀಕಾಕಾರರ ಪ್ರಶ್ನೆ. ಟಿಬೆಟನ್ ಭಾಷೆಯಲ್ಲಿ ಪಾಠ ಬೇಕೆಂದು ಹೋರಾಡಿದ ತಾಶಿ ವಾಂಗ್‌ಚುಕ್ 2016ರಲ್ಲಿ ಬಂಧಿತರಾಗಿ ಐದು ವರ್ಷ ಸೆರೆವಾಸ ಅನುಭವಿಸಿದ್ದು ಈ ಪ್ರಶ್ನೆಗೆ ಇನ್ನಷ್ಟು ತೂಕ ಕೊಡುತ್ತದೆ.

ವಿಶ್ವವಿದ್ಯಾಲಯಗಳಿಗೆ ಇದರ ಬಿಸಿ ತಟ್ಟುವ ಬಗೆ ಸುತ್ತು ದಾರಿಯದು. ಲಾಂಝೌ, ಷಿನಿಂಗ್, ಚೆಂಗ್ದು ನಗರಗಳ ಅಲ್ಪಸಂಖ್ಯಾತ ವಿಶ್ವವಿದ್ಯಾಲಯಗಳಲ್ಲಿ, ಲ್ಹಾಸಾದ ಟಿಬೆಟ್ ವಿಶ್ವವಿದ್ಯಾಲಯದಲ್ಲಿ ಟಿಬೆಟನ್ ವಿಭಾಗಗಳಿವೆ. ತಾಯ್ನುಡಿಯಲ್ಲಿ ಪ್ರವೇಶ ಪರೀಕ್ಷೆ ಬರೆದವರು ಹೆಚ್ಚಾಗಿ ಅಲ್ಲಿ ಸೇರುತ್ತಿದ್ದರು. ಓದು ಮುಗಿಸಿ ಟಿಬೆಟನ್ ಮಾಧ್ಯಮದ ಶಾಲೆಗಳಲ್ಲಿ ಶಿಕ್ಷಕರಾಗುತ್ತಿದ್ದರು. ಶಾಲೆಯ ಮಾಧ್ಯಮ ಚೀನೀ ಆದರೆ ಆ ಶಿಕ್ಷಕರ ಹುದ್ದೆ ಹೋಗುತ್ತದೆ. ಹುದ್ದೆ ಹೋದರೆ ವಿಭಾಗಕ್ಕೆ ವಿದ್ಯಾರ್ಥಿಗಳು ಬರುವುದಿಲ್ಲ. ವಿದ್ಯಾರ್ಥಿಗಳಿಲ್ಲದ ವಿಭಾಗದಲ್ಲಿ ಸಂಶೋಧನೆ ಒಣಗುತ್ತದೆ, ಪಠ್ಯ ಬರೆಯುವವರು ಸಿಗುವುದಿಲ್ಲ. 2010ರ ಅಕ್ಟೋಬರ್‌ನಲ್ಲಿ ಚಿಂಗ್‌ಹೈ ಪ್ರಾಂತ್ಯದ ರೆಬ್‌ಕೋಂಗ್‌ನ ವಿದ್ಯಾರ್ಥಿಗಳು ಮಾಧ್ಯಮ ಬದಲಾವಣೆಯ ವಿರುದ್ಧ ಬೀದಿಗಿಳಿದಾಗ, ದೂರದ ಬೀಜಿಂಗ್‌ನ ಮಿನ್‌ಝು ವಿಶ್ವವಿದ್ಯಾಲಯದ ಟಿಬೆಟನ್ ವಿದ್ಯಾರ್ಥಿಗಳೂ ಪ್ರತಿಭಟಿಸಿದ್ದು ಈ ಸರಪಳಿ ಅರ್ಥವಾಗಿದ್ದರಿಂದಲೇ.

ಕರ್ನಾಟಕದ ಮಠಗಳ ಮುಂದೆ

ಭಾರತದಲ್ಲಿ ಇಂಥ ಒತ್ತಾಯವಿಲ್ಲ. ಆದರೆ ಸಂಖ್ಯೆ ಕರಗುತ್ತಿದೆ. 2009ರ ದೇಶಭ್ರಷ್ಟ ಟಿಬೆಟನ್ ಆಡಳಿತದ ಗಣತಿಯಂತೆ ಭಾರತದಲ್ಲಿ 94,203 ಟಿಬೆಟನ್ನರಿದ್ದರು. ಆಮೇಲೆ ಅಮೆರಿಕ, ಕೆನಡಾ, ಫ್ರಾನ್ಸ್‌ಗಳತ್ತ ವಲಸೆ ಹೆಚ್ಚಿತು. ಟಿಬೆಟ್‌ನಲ್ಲಿ 2008ರಲ್ಲಿ ನಡೆದ ದಂಗೆಗಳ ನಂತರ ಗಡಿಯ ಕಾವಲು ಬಿಗಿಯಾಗಿ, ವರ್ಷಕ್ಕೆ ಎರಡು ಮೂರು ಸಾವಿರ ಜನ ಬರುತ್ತಿದ್ದ ಹಾದಿ ಬಹುತೇಕ ಮುಚ್ಚಿತು. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿ ಕೆಲವು ವಿಲೀನಗೊಂಡಿವೆ.

ಮಠಗಳಲ್ಲಿ ಈಗ ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳಗಳ ಹುಡುಗರು ತುಂಬುತ್ತಿದ್ದಾರೆ. ಅವರಲ್ಲಿ ಅನೇಕರಿಗೆ ವಾದದ ಭಾಷೆ ತಾಯ್ನುಡಿಯಲ್ಲ. ಇದರ ಪರಿಣಾಮ ಎರಡು ಬಗೆಯದು. ಟಿಬೆಟನ್ ಗ್ರಂಥಭಾಷೆ ಒಂದು ಜನಾಂಗದ ಭಾಷೆಯಾಗಿರುವುದಕ್ಕಿಂತ ಹೆಚ್ಚಾಗಿ ಹಿಮಾಲಯದ ವಿದ್ಯಾಭಾಷೆಯಾಗಿ, ಹಿಂದೆ ಸಂಸ್ಕೃತ ಇದ್ದಂತೆ, ಉಳಿಯಬಹುದು. ಮನೆಯ ಮಾತಾಗಿ ಅದನ್ನಾಡುವ, ಕಾಲೇಜಿಗೆ ಹೋಗುವ ಟಿಬೆಟನ್ ಯುವಕರು ಮಾತ್ರ ಅದೇ ವಿದ್ಯೆಯಿಂದ ದೂರ ಉಳಿಯಬಹುದು.

ಸಮುದಾಯದೊಳಗಿನ ನಿಜವಾದ ಭಿನ್ನಮತ ಇಲ್ಲಿದೆ. 2004ರಲ್ಲಿ ದೇಶಭ್ರಷ್ಟ ಆಡಳಿತ ಒಪ್ಪಿದ ಶಿಕ್ಷಣ ನೀತಿ ಪರಂಪರೆಯ ವಿದ್ಯೆಯನ್ನು ತಿರುಳಾಗಿಟ್ಟು, ಆಧುನಿಕ ವಿದ್ಯೆಯನ್ನು ಅದರ ಜೊತೆಗಿಡಬೇಕು, ಬೋಧನೆ ಟಿಬೆಟನ್‌ನಲ್ಲಿ ನಡೆಯಬೇಕು ಎಂದಿತು. ಸಿಬಿಎಸ್‌ಇ ಪರೀಕ್ಷೆ, ನರ್ಸಿಂಗ್ ಸೀಟು, ವಿದೇಶದ ವೀಸಾ ಲೆಕ್ಕಹಾಕುವ ಪೋಷಕರು ಇಂಗ್ಲಿಷ್ ಬೇಗ ಬರಲಿ ಎನ್ನುತ್ತಾರೆ. ಚೀನಾದೊಳಗೆ ಚೀನೀ ಭಾಷೆ ಎಳೆಯುವ ಕಡೆಗೇ ಇಲ್ಲಿ ಇಂಗ್ಲಿಷ್ ಎಳೆಯುತ್ತದೆ. ಬಲವಂತ ಇಲ್ಲ ಎಂಬುದು ದೊಡ್ಡ ವ್ಯತ್ಯಾಸ, ನಿಜ. ಆದರೆ ಪರೀಕ್ಷೆಯ ಭಾಷೆ ತಾಯ್ನುಡಿಯನ್ನು ಮನೆಯ ಮೂಲೆಗೆ ಸರಿಸುವ ರೀತಿ ಎರಡೂ ಕಡೆ ಒಂದೇ.

ಭಾಷೆಯ ಪ್ರಶ್ನೆ ಬಗೆಹರಿಯಲು ತಲೆಮಾರುಗಳು ಬೇಕಾಗಬಹುದು. ಅಂಗಳದ ಪ್ರಶ್ನೆಗೆ ಅಷ್ಟು ಕಾಯಬೇಕಿಲ್ಲ. ಕೆಲವು ಟಿಬೆಟನ್ ಶಾಲೆಗಳು ಈಗಾಗಲೇ ದುರಾ ಪಾಠವನ್ನು ಸೇರಿಸಿಕೊಂಡಿವೆ. ಕಾಲೇಜುಗಳಲ್ಲಿ ಅರ್ಥಶಾಸ್ತ್ರವನ್ನೋ ಜೀವಶಾಸ್ತ್ರವನ್ನೋ ಸಂಜೆ ಒಂದು ಗಂಟೆ ಇಬ್ಬಿಬ್ಬರಾಗಿ ನಿಂತು, ಕೂತು ವಾದಿಸಲು ಪ್ರಯೋಗಾಲಯವೂ ಬೇಡ, ಸರ್ಕಾರದ ಅನುಮತಿಯೂ ಬೇಡ. ಗೊಲೋಗ್‌ನಲ್ಲಿ ಒಬ್ಬ ಭಿಕ್ಷು ಇಂಥದ್ದನ್ನೇ ಮೂವತ್ತು ವರ್ಷ ನಡೆಸಿ ತೋರಿಸಿದರು. ಬಿಡದಿಯ ಕ್ಯಾಂಪಸ್‌ನಿಂದ ಬೈಲಕುಪ್ಪೆಯ ಚೋರಾ ಬಸ್ಸಿನಲ್ಲಿ ಅರ್ಧ ದಿನದ ದಾರಿ.